ಎರಡನೇ ಸಲ ಕೇಳುವುದು

ಬೆಳಿಗ್ಗೆ ಕರೆಂಟು ಹೋಗಿ ಮೇಜಿನ ಕೆಳಗಿನ ಯುಪಿಎಸ್ ಕೂಗತೊಡಗಿತು, ಗಂಗವ್ವ ನೆನಪಾದಳು. ಇದು ಪೂರ್ತಿ ನಿಜವಲ್ಲ. ನಾನಾಗಲೇ ಕಂಪ್ಯೂಟರಿನಲ್ಲಿ ಅವಳ ಹಳೆಯ ಹಾಡಿನಿಂದ ಬೇಡದ ಸದ್ದುಗಳನ್ನು ತೆಗೆಯುತ್ತ ಕೂತಿದ್ದೆ.

ಗಂಗವ್ವ ಮಾಸೂರಿನವಳು. ಕೆಲವು ವರ್ಷಗಳ ಹಿಂದೆ ಮೊಮ್ಮಗಳ ಮದುವೆ ಹತ್ತಿಮತ್ತೂರಿನಲ್ಲಿ, ಇವಳ ಕಾಲಿಗೆ ಪ್ಲಾಸ್ಟರು. ಅವಳ ಸೋಬಾನೆಯಿಲ್ಲದೆ ಆ ಮನೆಯಲ್ಲಿ ಯಾರಿಗೂ ಅರಿಶಿಣ ಹಚ್ಚಿದ್ದಿಲ್ಲ. ಹಾಡನ್ನಾದರೂ ಕಳಿಸೋಣವೆಂದು ಆಟೋದಲ್ಲಿ ಹಿರೇಕೆರೂರಿಗೆ, ಬಸಣ್ಣನ ಫೋಟೋ ಸ್ಟುಡಿಯೋಕ್ಕೆ ಬಂದಳು. ಅಲ್ಲಿನ ಧ್ವನಿಮುದ್ರಣದ ತಂತ್ರಾಂಶ ನಾನು ಬರೆದದ್ದು, ಅವತ್ತು ನಾನೂ ಅಲ್ಲೇ ಇದ್ದೆ. ಮುಚ್ಚುವಾಗ ಅದು ಇಟ್ಟುಕೊಳ್ಳಲೇ ಎಂದು ಒಮ್ಮೆ ಕೇಳುತ್ತಿತ್ತು. ಹೂಂ ಅಂದರೆ ಇಟ್ಟುಕೊಂಡು, ಕಳಿಸಿ, ಆಮೇಲೆ ಮುಚ್ಚುತ್ತಿತ್ತು. ಒಂದೇ ಸಲ ಕೇಳುವುದನ್ನು ನಾನು ಚುರುಕುತನ ಎಂದುಕೊಂಡಿದ್ದೆ.

ಹಾಡು ಮುಗಿಯಿತು, ಕರೆಂಟು ಹೋಯಿತು. ಯುಪಿಎಸ್ ಕೂಗಿದ್ದೇ ಬಸಣ್ಣ ಅವಸರದಿಂದ ಮುಚ್ಚಲು ಹೊರಟ.

"ಅವ್ವಾರ, ಇಟ್ಕೊಳ್ಳೇನು ಅಂತ ಕೇಳಾಕತ್ತೈತ್ರಿ."

"ಅಯ್ಯ, ಬ್ಯಾಡೋ ಯಪ್ಪಾ. ನನ್ನ ಒಡಕ ದನಿ ಇಟ್ಕೊಂಡು ಏನ್ ಮಾಡ್ತಿ?"

ಚಹಾ ಬೇಕೇ ಅಂದರೂ ನಮ್ಮಲ್ಲಿ ಮೊದಲು ಬ್ಯಾಡ ಅನ್ನುವುದೇ ರೀತಿ. ಎರಡನೇ ಸಲ ಕೇಳಿದಾಗಲೇ ಕಪ್ಪಿಗೆ ಕೈ ಚಾಚುವುದು. ಬಸಣ್ಣನಿಗೂ ಗೊತ್ತು. ಆದರೆ ಅವನ ಬಾಯಿ ಮತ್ತೆ ಕೇಳುವುದರೊಳಗೆ ಬೆರಳು 'ಬೇಡ' ಒತ್ತಿಬಿಟ್ಟಿತ್ತು.

"ಹೋತೇನು? ಒಮ್ಮೆ ಕೇಳಿ ಸುಮ್ನಾಗೂದಾ? ಯಾರ ಮನ್ಯಾಗ ಬೆಳದೈತೋ ಇದು!"

ಬಸಣ್ಣ ನನ್ನ ಕಡೆ ಕೈ ತೋರಿಸಿದ. "ಇವರ ಮನ್ಯಾಗ್ರಿ."

ಅಷ್ಟರಲ್ಲಿ ಹತ್ತಿಮತ್ತೂರಿನಿಂದ ಮಗಳ ಫೋನು: "ಯವ್ವಾ, ಅರಿಶಿಣದ ಬಟ್ಲಾ ಹಿಡ್ಕೊಂಡು ಕುಂತೇವಿ. ಹಾಡೆಲ್ಲಿ?"

ಗಂಗವ್ವ ಮತ್ತೆ ಹಾಡಿದಳು. ಯುಪಿಎಸ್ಸಿನ ಕೂಗಿನ ಮೇಲೆ, ನಡುನಡುವೆ ಯಂತ್ರವನ್ನು ಬೈಯುತ್ತ. "ಈಗ ಹೂಂ. ಇಟ್ಕೋ, ಕಳಸು." ಹಾಡು ಹೋಗಿ ಮುಟ್ಟಿದ ಮೇಲೆಯೇ ತಂತ್ರಾಂಶದ ಕಿಟಕಿ ಮುಚ್ಚಿತು, ಹಿಂದೆಯೇ ಯುಪಿಎಸ್ಸೂ ಉಸಿರು ಬಿಟ್ಟಿತು. ಆಕೆಯ ಬೈಗುಳಕ್ಕೆ ನಗುತ್ತಲೇ ಮದುಮಗಳಿಗೆ ಅರಿಶಿಣ ಹಚ್ಚಿದರಂತೆ.

ಮೊದಲಿನ ಹಾಡೇ ಇಂಪಾಗಿತ್ತು ಎಂದು ಎಷ್ಟೋ ಜನರಿಗೆ ಹೇಳಿಕೊಂಡು ಬಂದಿದ್ದೇನೆ. ನೀವೇ ಹೇಳಿ, ನನಗೆ ಹೇಗೆ ಗೊತ್ತು? ಕಳೆದದ್ದನ್ನು ಯಾರೂ ಮತ್ತೆ ಕೇಳಿ ನೋಡಲಾರರು. ಅದಕ್ಕೇ ಅದು ಅಷ್ಟು ಇಂಪು.

ಇವತ್ತು ನಾನು ತೊಳೆದ ಹಾಡಿನಲ್ಲಿ ಕೂಗಿಲ್ಲ, ಬೈಗುಳವಿಲ್ಲ, ಬಸಣ್ಣನ ನಗುವೂ ಇಲ್ಲ. ಚೊಕ್ಕಟವಾಗಿದೆ, ಯಾರ ಹಾಡಾದರೂ ಆಗಬಹುದು. ಯುಪಿಎಸ್ ಅವಸರಪಡಿಸುತ್ತಿತ್ತು. ಮುಚ್ಚಲು ಹೋದೆ.

ಹಳೆಯದರ ಜಾಗದಲ್ಲಿ ಇದನ್ನು ಇಟ್ಟುಕೊಳ್ಳಲೇ? ಬೇಡ ಅಂದೆ.

ತಂತ್ರಾಂಶ ಮತ್ತೊಮ್ಮೆ ಕೇಳಿತು. ಗಂಗವ್ವ ಬೈದ ವಾರವೇ ನಾನದಕ್ಕೆ ಆ ರೀತಿ ಕಲಿಸಿದ್ದೆ.

ಬೇಡ ಅಂದೆ. ಬೈಗುಳದ ಹಾಡು ಹಾಗೇ ಉಳಿಯಿತು.