ಕ್ಲೆಮ್‌ನ ಕೈ ನಡುಗಿದ ಮೇಲೆ

ಹ್ಯೂಅನ್ ಹೊಳೆಯ ದಂಡೆಯಲ್ಲಿ ಊರವರು ಸೇರಿ ನಡೆಸುವ ಮರಗೆಲಸದ ಶೆಡ್ಡಿಗೆ ಮೊದಲ ಸಲ ಕಾಲಿಟ್ಟಾಗ ನೋಲಾ ಪ್ರಿಡ್ಮೋರ್‌ಗೆ ಅರವತ್ತೆರಡು. ಸೇಬು ತುಂಬುವ ಮಂಡಿಯಲ್ಲಿ ಮೂವತ್ತು ವರ್ಷ ದುಡಿದವಳು, ಡ್ರಿಲ್ ಕೊಟ್ಟರೆ ಹಾವು ಕೊಟ್ಟಂತೆ ಬೆಚ್ಚುತ್ತಿದ್ದಳು. ಆ ಭಯ ಬಿಡಿಸಿದವನು ದೋಣಿ ಕಟ್ಟುತ್ತಿದ್ದ ಮುದುಕ ಕ್ಲೆಮ್ ಟ್ರೆವಾಸ್ಕಿಸ್.

"ಪೂರ್ತಿ ಬಿಡಬೇಡ ಮಾರಾಯ್ತಿ, ಚೂರು ಇಟ್ಕೋ. ಭಯ ಹೋದ ದಿನ ಬೆರಳೂ ಹೋಗುತ್ತೆ," ಅನ್ನುತ್ತಿದ್ದ. ಬ್ಲೇಡು ಬದಲಿಸುವ ಮುಂಚೆ ಪ್ಲಗ್ ಕಿತ್ತು ಕಣ್ಣೆದುರಿಗೇ ಇಟ್ಟುಕೋ. ಗರಗಸದ ಹತ್ತಿರ ಕೈಗವಸು ಬೇಡ, ಅದು ಸಿಕ್ಕಿಕೊಂಡರೆ ಕೈಯನ್ನೂ ಎಳೆಯುತ್ತೆ. ಕನ್ನಡಕ ಇರಬೇಕಾದ್ದು ಕಣ್ಣ ಮೇಲೆ, ಹಣೆ ಮೇಲಲ್ಲ. ಒಂಬತ್ತು ವರ್ಷದಲ್ಲಿ ಇದೆಲ್ಲ ಅವಳಿಗೆ ಉಸಿರಿನಷ್ಟು ಸಹಜವಾಗಿ, ಯಂತ್ರಗಳ ಉಸ್ತುವಾರಿಯೇ ಅವಳ ಪಾಲಿಗೆ ಬಂತು.

ಆ ವರ್ಷ ಕ್ಲೆಮ್ ಮರಿಮಗಳಿಗೆ ತೊಟ್ಟಿಲು ಮಾಡಲು ಕೂತ. ಅಷ್ಟರಲ್ಲೇ ಅವನ ಕೈ ನಡುಗಲು ಶುರುವಾಗಿತ್ತು. ಶೆಡ್ಡಿನವರೆಲ್ಲ ಅದನ್ನು ಗಮನಿಸಿದ್ದರು. ಒಂದು ಮಂಗಳವಾರ ಹಲಗೆಯನ್ನು ಗರಗಸಕ್ಕೆ ಒಡ್ಡುವಾಗ ಅದನ್ನು ತಳ್ಳುವ ಕೋಲು ಕೈಯಿಂದ ಜಾರಿತು. ಬ್ಲೇಡು ಅದರ ತುದಿಯನ್ನು ಕಚ್ಚಿ ಗೋಡೆಗೆ ಎಸೆಯಿತು. ನೋಲಾ ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಒತ್ತಿ ಪ್ಲಗ್ ಕಿತ್ತಳು.

"ನನಗೇ ಪಾಠ ಹೇಳ್ತೀಯೇನೇ?"

"ನಿಂದೇ ಪಾಠ ಕ್ಲೆಮ್. ಕೈ ನೆಟ್ಟಗಿಲ್ಲದ ದಿನ ಗರಗಸ ಮುಟ್ಟಬಾರದು ಅಂದಿದ್ದು ಯಾರು?"

"ಇನ್ಮೇಲೆ ನೆಟ್ಟಗಿರೋ ದಿನವೇ ಬರಲ್ಲ ಅಂದ್ರೆ?"

ಅವಳು ಕಿತ್ತ ಪ್ಲಗ್ಗನ್ನು ಕೈಯಿಂದ ಬಿಡಲಿಲ್ಲ. ಅವನು ಟೊಪ್ಪಿ ಎತ್ತಿಕೊಂಡು ಹೊರಟುಹೋದ.

ಮೂರು ವಾರ ಅವನ ಸುಳಿವಿಲ್ಲ. ತಾನು ಮಾಡಿದ್ದು ಸರಿ ಅಂತ ಗೊತ್ತಿದ್ದರೂ ನೋಲಾ ಪ್ರತಿ ಮಂಗಳವಾರ ಬಾಗಿಲ ಕಡೆ ನೋಡುತ್ತಿದ್ದಳು. ನಾಲ್ಕನೆಯ ವಾರ ಸ್ಕಾಲಪ್ ಚಿಪ್ಪುಮೀನಿನ ಎರಡು ಪೈ ಕಟ್ಟಿಸಿಕೊಂಡು, ಕೆಟ್ಟ ಸದ್ದು ಮಾಡುತ್ತಿದ್ದ, ಮರ ಉಜ್ಜುವ ಸ್ಯಾಂಡರ್ ಯಂತ್ರವನ್ನು ಕಂಕುಳಲ್ಲಿ ಇರುಕಿಕೊಂಡು ಅವನ ಬಾಗಿಲು ತಟ್ಟಿದಳು.

"ಕನಿಕರ ತಂದಿದ್ರೆ ಹೊರಗೇ ಇಟ್ಟು ಬಾ."

"ಪೈ ತಂದಿದೀನಿ. ಇದು ಯಾಕೋ ನರಳ್ತಿದೆ, ನಮಗ್ಯಾರಿಗೂ ಗೊತ್ತಾಗ್ತಿಲ್ಲ."

ಅವನು ಅದನ್ನು ಓಡಿಸಲು ಹೇಳಿ, ಕಣ್ಣು ಮುಚ್ಚಿ, ಕಿವಿ ಓರೆ ಮಾಡಿ ಕೂತ. "ಕೆಳಗಿನ ಬೇರಿಂಗ್ ಹೋಗಿದೆ. ಧೂಳು ಹಿಡಿಯೋ ಚೀಲ ತುಂಬಿದ್ರೂ ಯಾರೋ ಬಡ್ಡಿಮಗ ಹಾಗೇ ಓಡಿಸಿದಾನೆ, ಧೂಳೆಲ್ಲ ಒಳಗೆ ನುಗ್ಗಿದೆ."

ಪ್ಲಗ್ ತೆಗೆದು, ಅವನು ಹೇಳಿದಂತೆ ಅವಳು ಬಿಚ್ಚಿದಳು. ಹಾಗೇ ಇತ್ತು.

"ಆ ಬಡ್ಡಿಮಗ ನಾನೇ," ಅಂದಳು ನೋಲಾ.

"ಗೊತ್ತಿತ್ತು," ಅಂದ. ಇಬ್ಬರೂ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು. ನಕ್ಕು ಮುಗಿದ ಮೇಲೂ ಅವನ ಕಣ್ಣು ಒಣಗಲಿಲ್ಲ. ನೋಲಾ ಅವನ ಕೈ ಮೇಲೆ ಕೈಯಿಟ್ಟಳು.

ಮುಂದಿನ ಮಂಗಳವಾರದಿಂದ ಕ್ಲೆಮ್ ಶೆಡ್ಡಿನ ನಡುವೆ ಕುರ್ಚಿ ಹಾಕಿಸಿಕೊಂಡ. ಯಾವ ಬ್ಲೇಡು ಮೊಂಡಾಗಿದೆ, ಯಾವ ಮೋಟಾರು ಬಳಲಿದೆ ಎಂದು ಸದ್ದಿನಲ್ಲೇ ಹೇಳುತ್ತಿದ್ದ. ಪ್ಲಗ್ ಕಿತ್ತ ವೈರುಗಳನ್ನು ಹೆಬ್ಬೆರಳಲ್ಲಿ ಸವರಿ ಬಿರುಕು ಹುಡುಕುತ್ತಿದ್ದ. ತೊಟ್ಟಿಲ ಹಲಗೆಗಳನ್ನು ನೋಲಾ ಕೊಯ್ದಳು. ಅವನು ಪಕ್ಕದಿಂದ "ನಿಧಾನ, ಅದೇನು ಓಡಿಹೋಗುತ್ತಾ?" ಎಂದು ಗದರುತ್ತಲೇ ಇದ್ದ.

ತೊಟ್ಟಿಲು ಮುಗಿದ ದಿನ ಕ್ಲೆಮ್‌ನ ಮೊಮ್ಮಗಳು ಕೂಸನ್ನು ಎತ್ತಿಕೊಂಡು ಬಂದು, "ಎಷ್ಟು ಚೆನ್ನಾಗಿದೆ! ತಾತ, ನೀನೇ ಮಾಡಿದ್ದಾ?" ಅಂದಳು.

"ಮಾಡಿದ್ದು ನೋಲಾ," ಅಂದ ಕ್ಲೆಮ್. "ಬೈದಿದ್ದು ನಾನು."