ಪೂಜೆಗೆ ಲೈಸನ್ಸ್ ಇಲ್ಲ

ಅಪ್ಪನ ಬಂದೂಕು ನೆನಪಾದಾಗಲೆಲ್ಲ ನನಗೆ ಮೊದಲು ಕಾಣುವುದು ಹೊಗೆ. ಸೂಡಿ ದಾರಿಯ ನಮ್ಮ ಹೊಲದಲ್ಲಿ ಜೋಳ ಹಾಲುಗಾಳಾದಾಗ ನಸುಕಿನಲ್ಲಿ ಹಂದಿಗಳು ನುಗ್ಗುತ್ತಿದ್ದವು. ಅಪ್ಪ ನಳಿಗೆಗೆ ಮದ್ದು ತುಂಬಿ ಆಕಾಶಕ್ಕೆ ಒಂದೇ ಸಲ ಹಾರಿಸುತ್ತಿದ್ದ. ನೀಲಿ ಹೊಗೆ ತೆನೆಗಳ ಮೇಲೆ ತೇಲುತ್ತ ಹೋಗುತ್ತಿತ್ತು, ಅದು ಕರಗುವವರೆಗೆ ನಾವಿಬ್ಬರೂ ನೋಡುತ್ತ ನಿಲ್ಲುತ್ತಿದ್ದೆವು. ಆ ಬಂದೂಕಿನಿಂದ ಒಂದು ಮೊಲ ಸತ್ತದ್ದನ್ನೂ ನಾನು ಕಂಡಿಲ್ಲ.

ಉಳಿದ ದಿನಗಳಲ್ಲಿ ಅದು ಗಜೇಂದ್ರಗಡದ ಮನೆಯಲ್ಲಿ, ಅವ್ವನ ಮಗ್ಗದ ಮೇಲಿನ ಗೂಟಕ್ಕೆ ತೂಗುತ್ತಿತ್ತು. ಮಹಾನವಮಿಗೆ ಅವ್ವ ಲಾಳಿಗೂ ಬಂದೂಕಿಗೂ ಒಂದೇ ತಟ್ಟೆಯ ಕುಂಕುಮ ಹಚ್ಚುತ್ತಿದ್ದಳು. ಸೀರೆಯಂಚಿಗೆ ನೇಯ್ದುಳಿದ ಕೆಂಪು ರೇಷ್ಮೆ ಎಳೆಯನ್ನು ಅದರ ಹಿಡಿಗೆ ಕಟ್ಟುತ್ತಿದ್ದಳು.

ಅಪ್ಪ ತೀರಿಕೊಂಡ. ಹೊಲ ಚಿಕ್ಕಪ್ಪನ ಪಾಲಿಗೆ ಹೋಯಿತು. ಅಪ್ಪನ ಹೆಸರಿನ ಲೈಸನ್ಸಿನಲ್ಲಿ ಮಾತ್ರ ‘ಬೆಳೆ ರಕ್ಷಣೆಗಾಗಿ’ ಎಂದೇ ಉಳಿದಿತ್ತು. ಬಂದೂಕು ಗೂಟದಲ್ಲೇ ಇರಬೇಕೆಂಬುದು ಅವ್ವನ ಆಸೆ. ಅದಕ್ಕಾಗಿ ನನ್ನ ಹೆಸರಿಗೆ ಲೈಸನ್ಸ್ ಕೇಳಿ ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಒಯ್ದೆ. ಯಾತಕ್ಕೆ ಬೇಕೆಂದು ಗುಮಾಸ್ತರು ಕೇಳಿದರು. ಖರೇ ಹೇಳಿದರೆ ಕೆಲಸವಾಗುತ್ತದೆ ಎಂದು ನಂಬಿದ ಹುಚ್ಚಿ ನಾನು, “ಪೂಜಾಕ್ರಿ” ಎಂದೆ.

ಅವರು ನಗಲಿಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. ಕಾಯ್ದೆಯಲ್ಲಿ ಬೆಳೆ ಕಾಯುವುದಕ್ಕೆ ಉಂಟು, ಜೀವ ಕಾಯುವುದಕ್ಕೆ ಉಂಟು, ಗುರಿಯ ಆಟಕ್ಕೂ ಉಂಟು, ಪೂಜೆಗೆ ಇಲ್ಲ ಎಂದು ಸಮಾಧಾನವಾಗಿ ವಿವರಿಸಿದರು. ತೀರ್ಮಾನವಾಗುವವರೆಗೆ ಠಾಣೆಯಲ್ಲಿ ಜಮಾ ಮಾಡಿ ಎಂದರು. ಮಾಡಿ ಬಂದೆ.

ಅಂದು ಸಂಜೆ ಅವ್ವ ಮಗ್ಗಕ್ಕೆ ಕೂತಳು. ಖಾಲಿ ಗೂಟದ ಕಡೆ ತಲೆ ಎತ್ತಲಿಲ್ಲ. ನಮ್ಮ ಪಕ್ಕದ ಖೋಲಿಯಲ್ಲಿ ಬಾಡಿಗೆಗಿದ್ದ ನೇಪಾಳದವನು ಬಂದು ಕಟ್ಟೆಯ ಮೇಲೆ ಕೂತ. ಬಸ್‌ಸ್ಟ್ಯಾಂಡ್ ಹತ್ತಿರ ನೂಡಲ್ಸ್ ಗಾಡಿ ಅವನದು. ನಮ್ಮ ಮಾತನ್ನು ನಮಗಿಂತ ಮೆತ್ತಗೆ ಆಡುತ್ತಾನೆ. ಲಾಳಿಯ ಸದ್ದಿನ ನಡುವೆ ನಾವಿಬ್ಬರೂ ಎರಡು ದೇಶದ ಕಾಯ್ದೆ ಹೋಲಿಸುತ್ತ ಕೂತೆವು. ಅವನೂರಲ್ಲೂ ಲೈಸನ್ಸ್ ಕೊಡುವವರು ಜಿಲ್ಲೆಯ ದೊಡ್ಡ ಅಧಿಕಾರಿಯೇ, ಸೈನ್ಯದವರು ಹಿಡಿಯುವಂಥ ಬಂದೂಕು ಅಲ್ಲೂ ಮಂದಿಗೆ ಸಿಗದು. ಇಲ್ಲಿ ಬೆಳೆ ಕಾಯಲೆಂದೇ ಬೇರೆ ಲೈಸನ್ಸ್ ಇರುವುದು ಮಾತ್ರ ಅವನಿಗೆ ಸೋಜಿಗ. ನಮ್ಮಲ್ಲಿ ಚುನಾವಣೆ ಬಂದರೆ ಬಂದೂಕು ಠಾಣೆಗೆ ಹೋಗುತ್ತದೆ, ಮುಗಿದರೆ ಮನೆಗೆ ಬರುತ್ತದೆ ಎಂದೆ. ಅವನ ಅಪ್ಪನದೂ ಮದ್ದು ತುಂಬುವ ಬಂದೂಕೇ ಆಗಿತ್ತಂತೆ. ಅಲ್ಲಿ ಮಾವೋವಾದಿಗಳ ಕಾಳಗದ ವರ್ಷಗಳಲ್ಲಿ ಠಾಣೆಗೆ ಜಮಾ ಮಾಡಿದ್ದು.

“ಹೊಳ್ಳಿ ಬರಲಿಲ್ರಿ ಅಕ್ಕಾರ,” ಎಂದ.

ಲಾಳಿ ನಿಂತಿತು. ಅವ್ವ ಕೇಳಿಸಿಕೊಂಡಿದ್ದಳು.

ಮಹಾನವಮಿಯ ದಿನ ಅವ್ವ ಆರತಿ ತಟ್ಟೆ ಹಿಡಿದು ಠಾಣೆಗೇ ಹೊರಟಳು. ಮಾನ ಹೋಗುತ್ತದೆಂದು ನಾನು ಗೊಣಗುತ್ತಲೇ ಹಿಂದೆ ಹೋದೆ. ನೇಪಾಳದವನೂ ಬಂದ. ಅವರ ದಸರೆಯೂ ಅದೇ ಹೊತ್ತಿಗೆ, ಅವನ ಊರಲ್ಲೂ ನವಮಿಗೆ ಹತ್ಯಾರಗಳ ಪೂಜೆ. ಠಾಣೆಯ ಬಾಗಿಲಿಗೆ ತೋರಣವಿತ್ತು, ಒಳಗೆ ಮೇಜಿನ ಮೇಲೆ ಪೊಲೀಸರ ರೈಫಲ್‌ಗಳಿಗೆ ಚೆಂಡುಹೂ ಏರಿಸಿದ್ದರು. ಇವರ ಪೂಜೆಗೆ ಲೈಸನ್ಸ್ ಎಲ್ಲಿತ್ತೋ! ವಯಸ್ಸಾದ ಹವಾಲ್ದಾರರೊಬ್ಬರು ಅವ್ವನ ಮುಖ ನೋಡಿ ಒಳಗೆ ಹೋದರು. ಅಪ್ಪನ ಬಂದೂಕು ತಂದು ಮೇಜಿನ ತುದಿಗೆ ಮಲಗಿಸಿ, ಎತ್ತಬಾರದು, ಬೇಕಾದರೆ ಕುಂಕುಮ ಹಚ್ಚಿ ಎಂದರು. ಠಾಣೆಯವರು ಕಟ್ಟಿದ ನಂಬರಿನ ಚೀಟಿಯ ಪಕ್ಕದಲ್ಲಿ ಹೋದ ವರ್ಷದ ಕೆಂಪು ಎಳೆ ಹಾಗೇ ಇತ್ತು.

ಅವ್ವ ಕುಂಕುಮ ಹಚ್ಚಿದಳು. ಆಮೇಲೆ ಬಾಗಿಲಲ್ಲೇ ನಿಂತಿದ್ದ ನೇಪಾಳದವನ ಕಡೆ ತಟ್ಟೆ ಚಾಚಿದಳು.

“ಬಾ ತಮ್ಮಾ. ನಿಮ್ಮಪ್ಪಂದ ಅಂತ ತಿಳದ ಹಚ್ಚು.”

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ.