ಒಂದೇ ಹೆಸರಿನ ಎರಡು ಸೀಟು

ಶಿರಸಿಯಲ್ಲಿ ವಿಮಾನದ ಟಿಕೆಟ್ ಮಾಡಿಕೊಡುವ ಅಂಗಡಿ ಎಂದರೆ ಎರಡು ಸಾವಿರದ ಇಸವಿಯ ಆಚೀಚೆ ಜನ ನಗುತ್ತಿದ್ದರು. ಸೊಪ್ಪಿನ ಬೆಟ್ಟದ ಮೇಲೆ ಇಳಿಯುತ್ತದೆಯೇ ನಿನ್ನ ವಿಮಾನ ಎಂದು ಕಿಚಾಯಿಸುತ್ತಿದ್ದರು. ನಮಗೆ ಅನುಕೂಲದ ವಿಮಾನ ಹಾರುತ್ತಿದ್ದುದು ಗೋವೆಯಿಂದ. ಆದರೂ ಒಂದು ಕೋಣೆಯ ಅಂಗಡಿಗೆ ಗಿರಾಕಿಗಳು ಬಂದರು, ನನಗೂ ಸ್ವಲ್ಪ ಕೊಬ್ಬು ಬಂತು. ದೆಹಲಿಯ ವಿಮಾನದಲ್ಲಿ ಎಷ್ಟು ಸೀಟು ಉಳಿದಿದೆ ಎಂಬುದು ಇಡೀ ಪೇಟೆಯಲ್ಲಿ ನನಗೊಬ್ಬಳಿಗೇ ಕಾಣುತ್ತದೆಯಲ್ಲ.

ತಾಪತ್ರಯವಿದ್ದದ್ದು ಫೋನ್ ಲೈನಿನದು. ಬುಕ್ ಮಾಡುವಾಗ ಅರ್ಧಕ್ಕೇ ಇಂಟರ್ನೆಟ್ ಕಡಿದುಹೋಗುತ್ತಿತ್ತು. ಆಗಲಿಲ್ಲವೆಂದು ಮತ್ತೊಮ್ಮೆ ಮಾಡಿದರೆ ಎರಡೂ ಆಗಿ ಕೂತಿರುತ್ತಿತ್ತು. ಒಂದೇ ವಿಮಾನದಲ್ಲಿ ಒಂದೇ ಹೆಸರು ಎರಡು ಸಲ ಕಂಡರೆ, ಒಂದನ್ನು ತೆಗೆಯಿರಿ ಎಂದು ವಿಮಾನ ಕಂಪನಿಯ ಕಂಪ್ಯೂಟರ್ ಎಚ್ಚರಿಸುತ್ತಿತ್ತು. ಸಂಜೆ ಬಾಗಿಲು ಹಾಕುವ ಮೊದಲು ಇಂಥ ಜೋಡಿಗಳಲ್ಲಿ ಒಂದನ್ನು ಅಳಿಸುವುದು ನನಗೆ ಕಸ ಗುಡಿಸಿದಷ್ಟೇ ರೂಢಿಯಾಗಿತ್ತು.

ಒಂದು ದಿನ ಬೆಳಿಗ್ಗೆ ಯಲ್ಲಾಪುರದಿಂದ ಒಬ್ಬರು ಫೋನ್ ಮಾಡಿ ದೆಹಲಿಗೆ ಟಿಕೆಟ್ ಮಾಡಿಸಿದರು. ಮಗಳ ಮನೆಗೆ ಹೋಗಿದ್ದ ಅವರ ತಾಯಿ ಅಲ್ಲಿ ಆಸ್ಪತ್ರೆಯಲ್ಲಿದ್ದರು. ಹೆಚ್ಚು ದಿನವಿಲ್ಲ ಎಂದಿದ್ದರಂತೆ ಡಾಕ್ಟರು. ಮಧ್ಯಾಹ್ನ ಹೆಗ್ಗರಣೆಯಿಂದ ಅವರ ಚಿಕ್ಕಪ್ಪನ ಮಗ ಖುದ್ದಾಗಿ ಬಂದು ಅದೇ ವಿಮಾನಕ್ಕೆ ಮಾಡಿಸಿದರು. ಇವರು ಹಸುಗೂಸಾಗಿದ್ದಾಗಲೇ ತಾಯಿ ತೀರಿಕೊಂಡು, ಸಾಕಿದ್ದು ಆಸ್ಪತ್ರೆಯಲ್ಲಿದ್ದ ಆ ದೊಡ್ಡಮ್ಮನೇ. ಕಣ್ಣು ಒರೆಸಿಕೊಳ್ಳುತ್ತ ಅಷ್ಟನ್ನೂ ಹೇಳಿದ್ದರು. ನಮ್ಮ ಕಡೆ ಹಿರಿಯ ಮಗನಿಗೆ ಅಜ್ಜನ ಹೆಸರಿಡುವುದು ಪದ್ಧತಿ. ಇವರ ಅಪ್ಪಂದಿರು, ಅಣ್ಣತಮ್ಮ ಇಬ್ಬರೂ, ತಂತಮ್ಮ ಹಿರಿಮಗನಿಗೆ ಅದನ್ನೇ ಇಟ್ಟಿದ್ದರು. ಅಡ್ಡಹೆಸರೂ ಒಂದೇ, ಕಾಗದದ ಮೇಲೆ ಇಬ್ಬರೂ ಒಬ್ಬರೇ.

ಸಂಜೆ ಕಂಪ್ಯೂಟರ್ ಆ ಜೋಡಿಯನ್ನು ತೋರಿಸಿತು. ಅದಕ್ಕೆ ನಮ್ಮ ಪದ್ಧತಿ ಗೊತ್ತಿಲ್ಲ, ನನಗೆ ಗೊತ್ತಿತ್ತು. ನನ್ನ ಅಜ್ಜನ ಹೆಸರಿನವರೇ ನಮ್ಮ ಮನೆತನದಲ್ಲಿ ಮೂವರಿದ್ದಾರೆ. ಆದರೂ ಲೈನ್ ಕಡಿದು ಎರಡಾಗಿದೆ ಎಂದುಕೊಂಡು, ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲಿ ಒಂದನ್ನು ಅಳಿಸಿದೆ. ಬಿಟ್ಟ ಸೀಟು ಬೇರೆ ಯಾರಿಗೋ ಹೋಯಿತು.

ಗೋವೆಯಲ್ಲಿ ಇಬ್ಬರೂ ಕೌಂಟರಿನ ಮುಂದೆ ನಿಂತಾಗ ಆ ಹೆಸರಿಗೆ ಒಂದೇ ಸೀಟಿತ್ತು, ವಿಮಾನ ತುಂಬಿತ್ತು. ಇಬ್ಬರಲ್ಲಿ ಯಾರು ಬೇಕಾದರೂ ಹತ್ತಬಹುದಿತ್ತು. ಅವನದು ಹೆತ್ತ ತಾಯಿ, ಅವನೇ ಹೋಗಲಿ ಎಂದು ಹೆಗ್ಗರಣೆಯವರು ಹಿಂದೆ ಸರಿದರಂತೆ. ರೈಲು ಹತ್ತಿ ಇವರು ದೆಹಲಿ ಮುಟ್ಟುವಷ್ಟರಲ್ಲಿ ದಹನವೂ ಮುಗಿದಿತ್ತು.

ಊರಿಗೆ ಮರಳಿದ ಮೇಲೆ ಅಂಗಡಿಗೆ ಬಂದು, ಏನಾಯಿತೆಂದು ಸಮಾಧಾನದಿಂದಲೇ ಕೇಳಿದರು. ಬೈದಿದ್ದರೆ ನಿಜ ಹೇಳುತ್ತಿದ್ದೆನೇನೋ. ಕಂಪ್ಯೂಟರ್ ತಾನಾಗಿಯೇ ತೆಗೆದುಬಿಟ್ಟಿದೆ ಎಂದೆ. ಅವರು ನಂಬಿದರು. ನಂಬಿದ್ದಷ್ಟೇ ಅಲ್ಲ, ಪಾಪ ಆ ಹುಡುಗಿ ಏನು ಮಾಡುತ್ತಾಳೆ ಎಂದು ಊರಲ್ಲೆಲ್ಲ ನನ್ನ ಪರವಾಗಿ ಮಾತಾಡಿದರು. ಅದು ಕಿವಿಗೆ ಬಿದ್ದ ದಿನ ನನಗೆ ಊಟ ಸೇರಲಿಲ್ಲ. ನಾಚಿಕೆಗೆಟ್ಟವಳು ಎಂದು ನನ್ನನ್ನು ನಾನೇ ಬೈದುಕೊಂಡೆ; ಹೋಗಿ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಮರುವರ್ಷ ದೆಹಲಿಯ ಆ ಮಗಳ ಮನೆಯಲ್ಲಿ ಉಪನಯನವಿತ್ತು. ಹೆಗ್ಗರಣೆಯವರು ತಮ್ಮೊಬ್ಬರ ಟಿಕೆಟ್ಟಿಗೆ ಮತ್ತೆ ನನ್ನಲ್ಲಿಗೇ ಬಂದರು. ಕುರ್ಚಿ ಎಳೆದು ಕೂತು, ನಗುತ್ತಲೇ ಹೇಳಿದರು:

“ಈ ಸಲ ಆನೊಬ್ನೇಯ, ತಂಗಿ. ಅವಂಗೆ ರೈಲಿಗೆ ಹೋಗು ಹೇಳಿದ್ದೆ. ನಿನ್ನ ಕಂಪ್ಯೂಟರಿಗೆ ಮತ್ತೆ ಗೊಂದಲ ಆಪ್ದು ಬ್ಯಾಡ.”

ನಾನು ತಲೆ ಎತ್ತದೆ ಅವರ ಹೆಸರು ಟೈಪ್ ಮಾಡಿದೆ.